ಶಿರಸಿ ಕಡೆ ಕೆಂಪಡಿಕೆ ಮಾಡುವವರಿಗೆ: ಅಡಿಕೆ ಕೊನೆ (ಗೊನೆ) ಇಳಿಸುವುದರಿಂದ ಚೊಗರು ಎತ್ತಿಡುವವರೆಗೆ

ಈ ಸಲ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಬಿಟ್ಟು ಕೆಂಪಡಿಕೆ (ಹಸಿರು ಕಾಯಿ ಸುಲಿದು ಬೇಯಿಸಿ ಒಣಗಿಸಿದ್ದು) ಮಾಡೋಣ ಅಂತಿದ್ದೀರಾ? ಹಾಗಾದರೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಹೇಳುವ ಮುಂಚೆ ಸುಲಿಯಲು ಜನ ಗೊತ್ತು ಮಾಡಿಕೊಳ್ಳಿ. ಚಾಲಿಗೆ ಅವಸರವಿಲ್ಲ. ಹಣ್ಣಡಿಕೆ ಇಳಿಸಿ ಅಂಗಳದಲ್ಲಿ 40-45 ದಿನ ಒಣಗಿಸಿ, ಬಿಡುವಾದಾಗ ಸುಲಿದರೂ ನಡೆಯುತ್ತದೆ. ಕೆಂಪಡಿಕೆ ಹಾಗಲ್ಲ, ಇವತ್ತು ಇಳಿಸಿದ್ದು ಇವತ್ತು ರಾತ್ರಿ, ತೀರಾ ತಡವೆಂದರೆ ನಾಳೆಯೊಳಗೆ ಸುಲಿದು ಹಂಡೆಗೆ ಬೀಳಬೇಕು. ರಾಶಿ ಹಾಕಿಟ್ಟರೆ ಕಾಯಿ ಬಿಸಿಯಾಗಿ ಒಳಗೇ ಬಣ್ಣ ಕೆಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಸರಿಯಾಗಲ್ಲ.

ತೋಟದ ಕೆಲಸ ನಿಮಗೆ ಗೊತ್ತಿರುವುದೇ. ಬೆಟ್ಟದ ಸೊಪ್ಪು, ಗೊಬ್ಬರ, ಬಸಿಗಾಲುವೆ, ಅಷ್ಟೇ. ಕೊಳೆ ರೋಗದ ಮದ್ದಿನ ಬಗ್ಗೆ ಮಾತ್ರ ಹೇಳಲೇಬೇಕು. ಮಳೆ ಹಿಡಿಯುವ ಮೊದಲು ಶೇ 1ರ ಬೋರ್ಡೋ ದ್ರಾವಣ ಹೊಡೆಯಿರಿ, 40-45 ದಿನ ಬಿಟ್ಟು ಇನ್ನೊಮ್ಮೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಹೊಳೆಯುವ ಚಾಕು ಅದ್ದಿ ನೋಡಿ, ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ.

ಕೊಯ್ಲಿನ ಹದ ಎಂದರೆ ಕಾಯಿ ಪೂರ್ತಿ ತುಂಬಿರಬೇಕು, ಸಿಪ್ಪೆ ಇನ್ನೂ ಹಸಿರಿರಬೇಕು. ಸುಮಾರು 6-7 ತಿಂಗಳ ಕಾಯಿ. ಒಂದನ್ನು ಸುಲಿದು ಕೊಯ್ದು ನೋಡಿ, ಕತ್ತಿ ಸಲೀಸಾಗಿ ಇಳಿಯಬೇಕು. ತೀರಾ ಎಳೆಯದು ಒಣಗಿದಾಗ ಸುಕ್ಕುಗಟ್ಟುತ್ತದೆ. ಹಳದಿ ತಿರುಗಿದ್ದನ್ನು ಬೇರೆ ಮಾಡಿ ಚಾಲಿಗೆ ಹಾಕಿ, ಆಸೆಗೆ ಬಿದ್ದು ಹಂಡೆಗೆ ಸೇರಿಸಬೇಡಿ.

ಇನ್ನು ಬೇಯಿಸೋದು. ಇಡೀ ಕೆಲಸದ ಜೀವ ಇಲ್ಲೇ ಇದೆ. ತಾಮ್ರದ ಹಂಡೆ ಇದ್ದರೆ ಒಳ್ಳೆಯದು. ಮೊದಲ ಹಂಡೆಗೆ ಹೋದ ವರ್ಷ ಎತ್ತಿಟ್ಟ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಒಗರು ನೀರು, ಬೇಕು. ಅದು ಕಾಕಂಬಿಯ ಹಾಗೆ ಗಟ್ಟಿಯಾಗಿರುತ್ತದೆ, ನೀರು ಬೆರೆಸಿ ತೆಳ್ಳಗೆ ಮಾಡಿ ಹಾಕಿ. ಇಲ್ಲದಿದ್ದರೆ ನೆರೆಮನೆಯಲ್ಲಿ ಕೇಳಿ, ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಕುದಿ ಬಂದ ಮೇಲೆ ಆಗಾಗ ಒಂದೆರಡು ಅಡಿಕೆ ಎತ್ತಿ ನೋಡುತ್ತಿರಿ. ಉಗುರು ಒತ್ತಿದರೆ ಇಳಿಯಬೇಕು, ಅಡಿಕೆಯ ಕಣ್ಣು ಬಿಟ್ಟುಕೊಳ್ಳಬೇಕು. ಆಗ ಇಳಿಸಿ. ಗಡಿಯಾರ ನೋಡಿ ಇಳಿಸಬೇಡಿ, ಕಾಯಿ ಎಷ್ಟು ಬಲಿತಿದೆ ಅನ್ನುವುದರ ಮೇಲೆ ಹೊತ್ತು ಬದಲಾಗುತ್ತದೆ. ಬುಟ್ಟಿಗೆ ತೋಡಿ ಹಂಡೆಯ ಮೇಲೇ ಬಸಿಯಿರಿ, ಒಂದು ಹನಿಯೂ ಹಾಳಾಗದಿರಲಿ. ಒಂದೊಂದು ಒಬ್ಬೆ (ಒಂದು ಸಲಕ್ಕೆ ಹಂಡೆಗೆ ಹಾಕುವಷ್ಟು ಅಡಿಕೆ) ಬೇಯಿಸಿದಂತೆ ಚೊಗರು ಕಪ್ಪಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಅಡಿಕೆ ಕೈಗೆ ಅಂಟತೊಡಗಿದರೆ ನೀರು ಜಾಸ್ತಿ ಮಾಡಿ.

ಅಂಗಡಿಯ ಬಣ್ಣವನ್ನು ಮಾತ್ರ ಮುಟ್ಟಲೇಬೇಡಿ. ಚೊಗರು ಅಂದರೆ ಅಡಿಕೆಯಿಂದಲೇ ಬಿಟ್ಟ ಒಗರು, ಅದು ಕೊಡುವ ಕೆಂಪು ಬೇರೆ ಯಾವುದರಿಂದಲೂ ಬರುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಎಂದು ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಯಾರೋ ನಾಲ್ಕು ಜನ ಬಣ್ಣ ಹಾಕಿದರೆ ಆ ಹೆಸರು ಎಲ್ಲರದ್ದೂ ಹೋಗುತ್ತದೆ ಅಲ್ವಾ?

ಒಣಗಿಸಲು ಒಳ್ಳೆಯ ಬಿಸಿಲಿದ್ದರೆ ಸುಮಾರು ಒಂದು ವಾರ ಸಾಕು. ಬಿಸಿಲಿಗೆ ಕಟ್ಟಿದ ಅಟ್ಟದ ಮೇಲೆ ತೆಳ್ಳಗೆ ಹರವಿ, ದಿನಕ್ಕೆರಡು ಸಲ ಕೈಯಾಡಿಸಿ. ಡಿಸೆಂಬರಿನಲ್ಲಿ ಘಟ್ಟದ ಮೇಲೆ ಇಬ್ಬನಿ ಬೀಳುತ್ತದೆ, ಸಂಜೆಗೇ ಮುಚ್ಚಿ ಅಥವಾ ಒಳಗೆ ತನ್ನಿ. ಮೋಡ ಬಂದರೆ ಕಾಯಬೇಡಿ, ಡ್ರೈಯರ್‌ಗೆ ಹಾಕಿ. ನಾಲ್ಕು ಅಡಿಕೆ ಕೈಯಲ್ಲಿ ಹಿಡಿದು ಕುಲುಕಿ, ಕಣಕಣ ಅನ್ನಬೇಕು. ಮಂದವಾಗಿ ಸದ್ದಾದರೆ ಒಂದನ್ನು ಒಡೆದು ನೋಡಿ, ನಡುವೆ ಪಸೆ ಇದ್ದರೆ ಚೀಲಕ್ಕೆ ತುಂಬಬೇಡಿ, ಬೂಸಲು ಬರುತ್ತದೆ.

ಸೀಸನ್ ಮುಗಿದ ಮೇಲೆ ಉಳಿದ ಚೊಗರನ್ನು ಚೆಲ್ಲಬೇಡಿ. ಸಣ್ಣ ಉರಿಯಲ್ಲಿ ಬತ್ತಿಸಿ, ಆರಿದ ಮೇಲೆ ಭರಣಿಗೆ ಹಾಕಿ ಬಾಯಿ ಕಟ್ಟಿಡಿ. ಮುಂದಿನ ವರ್ಷದ ಮೊದಲ ಹಂಡೆಗೆ ಅದೇ ಬೇಕು.