ಅಡಿಕೆ ಮರದಿಂದ ಬಿದ್ದ ಮೇಲೆ

2019ರ ಜುಲೈ. ಪುನರ್ವಸು ಮಳೆ ಹಿಡಿದು ಹೊಡೆಯುತ್ತಿತ್ತು. ಅಡಿಕೆಗೆ ಎರಡನೇ ಸಲದ ಕೊಳೆಮದ್ದು ಹೊಡೆಯಲು ಬರುತ್ತೇನೆಂದು, ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಹೇಳಿ ಎಂಟು ದಿನವಾಗಿತ್ತು. ಅವನದೇನೂ ತಪ್ಪಿಲ್ಲ. ನಮ್ಮ ಶಿರಸಿ ಕಡೆ ಮರ ಹತ್ತುವವರು ಬೆರಳೆಣಿಕೆ, ಮಳೆ ಹೊಳವಾದ ದಿನ ಎಲ್ಲರಿಗೂ ಅವನೇ ಬೇಕು. ಆದರೆ ಕೊಳೆರೋಗ ಅಷ್ಟು ದಿನ ಕಾಯುವುದಿಲ್ಲವಲ್ಲ. ಕೆಳಗಿನ ತೋಟದಲ್ಲಿ ಎಳೆಗಾಯಿ ಉದುರತೊಡಗಿದ್ದನ್ನು ನೋಡಿ, ರಾತ್ರಿಯೇ ಮೈಲುತುತ್ತ ನೆನೆಹಾಕಿದೆ. ಬೆಳಿಗ್ಗೆ ಸುಣ್ಣ ಕಲಸಿ, ನೂರು ಲೀಟರಿಗೆ ತಲಾ ಒಂದು ಕಿಲೋದಂತೆ ಮದ್ದು ಮಾಡಿಕೊಂಡು ನಾನೇ ಮರ ಹತ್ತಿದೆ. ಹರೆಯದಲ್ಲಿ ಹತ್ತಿ ರೂಢಿ ಇತ್ತು. ಈಗ ವಯಸ್ಸು 46 ಎಂಬುದು ಮರಕ್ಕೆ ಗೊತ್ತಿತ್ತು, ನನಗೆ ಮರೆತಿತ್ತು.

ಮೂರು ಮರ ಮುಗಿಯಿತು. ನಾಲ್ಕನೆಯದಕ್ಕೆ ಇಳಿದು ಹತ್ತುವ ಬದಲು ತುದಿಯಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟಲು ಹೋದೆ. ಹಾಗೆ ದಾಟುವುದು ಕೊನೆಗೌಡನ ವಿದ್ಯೆ, ನನ್ನದಲ್ಲ. ಹಾವಸೆ ಕಟ್ಟಿದ ಮರ, ಕೈ ಜಾರಿತು. ಸುಮಾರು 35 ಅಡಿ. ಬಿದ್ದದ್ದು ಬುಡಕ್ಕೆ ಹರವಿದ್ದ ಸೊಪ್ಪಿನ ಮೇಲೆ. ಒಂದು ಮೊಳ ಆಚೆ ಬಿದ್ದಿದ್ದರೆ ಬಸಿಗಾಲುವೆಯ ಕಲ್ಲು.

ಎಚ್ಚರ ತಪ್ಪಿರಲಿಲ್ಲ. ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿಲ್ಲ, ಕಾಲು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಓಡಿಬಂದವರು ಕಂಬಳಿಯಲ್ಲಿ ಜೋಲಿ ಮಾಡಿ ಎತ್ತೋಣ ಎಂದರು. ಆಗ ಪಕ್ಕದ ಮನೆಯ ಹುಡುಗಿ, ನರ್ಸಿಂಗ್ ಓದುತ್ತಿದ್ದವಳು, ಅಡ್ಡ ನಿಂತಳು. "ಮಾವನ್ನ ಮಡಚಬೇಡಿ, ಹಲಗೆ ತನ್ನಿ!" ಕೊಟ್ಟಿಗೆಯ ಬಾಗಿಲನ್ನೇ ಕಿತ್ತು ತಂದರು. ತಲೆ, ಬೆನ್ನು, ಸೊಂಟ, ಕಾಲು ಎಲ್ಲವನ್ನೂ ನಾಲ್ಕು ಜನ ಒಟ್ಟಿಗೆ ಹಿಡಿದು, ಮರದ ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ ಬಾಗಿಲ ಮೇಲೆ ಮಲಗಿಸಿದರು. ನಾನು ಎದ್ದು ಓಡಾಡುವುದನ್ನು ನೋಡಿ ಜನ ಧ್ಯಾನದ ಮಹಿಮೆ ಎನ್ನುತ್ತಾರೆ. ಮೊದಲು ಆ ಬಾಗಿಲಿನ ಮಹಿಮೆ.

ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಚಿಲ್ಲರೆ. ಆಂಬುಲೆನ್ಸಿನಲ್ಲಿ ಗುಂಡಿ ಬಂದಾಗಲೆಲ್ಲ ಜೀವ ಗಂಟಲಿಗೆ ಬಂದು ವಾಪಸ್ ಹೋಗುತ್ತಿತ್ತು. ಬಲಗಡೆಯ ನಾಲ್ಕು ಪಕ್ಕೆಲುಬು ಮುರಿದು ಎದೆಯೊಳಗೆ ರಕ್ತ ತುಂಬಿತ್ತು. ಕೊಳವೆ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಬಂತಂತೆ. ರಕ್ತದೊತ್ತಡ ಕುಸಿದಿತ್ತು. ಇನ್ನರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ನನ್ನ ತಮ್ಮನಿಗೆ ಹೇಳಿದರು. ಜೊತೆಗೆ ಸೊಂಟದ ಮೊದಲ ಕಶೇರು, ಅವರು ಎಲ್-1 ಎನ್ನುತ್ತಾರೆ, ಒಡೆದು ಚೂರಾಗಿತ್ತು. ಬೆನ್ನುಹುರಿ ಮುಗಿಯುವುದೇ ಹೆಚ್ಚುಕಡಿಮೆ ಆ ಜಾಗದಲ್ಲಿ. ಎದೆ ಸುಧಾರಿಸಿದ ಮೇಲೆ, ನಾಲ್ಕನೇ ದಿನ, ಟೈಟಾನಿಯಮ್ ಸ್ಕ್ರೂ ಮತ್ತು ಎರಡು ಸರಳು ಹಾಕಿ ಬೆನ್ನನ್ನು ಬಿಗಿದರು.

ಆಪರೇಶನ್ನಿಗೆ ಮುಂಚೆ ಡಾಕ್ಟರು ಮಾಡಿದ ಒಂದು ಪರೀಕ್ಷೆಯನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಗುದದ್ವಾರದ ಸುತ್ತ ಸೂಜಿಯಿಂದ ಮುಟ್ಟಿ "ಗೊತ್ತಾಗ್ತದಾ?" ಎಂದರು. ಮಂದವಾಗಿ ಗೊತ್ತಾಯಿತು. ಅವರ ಮುಖ ಸಡಿಲವಾಯಿತು. ಕಾಲು ಅಲ್ಲಾಡದಿದ್ದರೂ ಅಲ್ಲಿ ಸ್ಪರ್ಶ ಉಳಿದಿದ್ದರೆ ನರ ಪೂರ್ತಿ ಕಡಿದಿಲ್ಲ, ಒಂದಿಷ್ಟು ಶಕ್ತಿ ಮರಳುವ ಆಸೆ ಇಟ್ಟುಕೊಳ್ಳಬಹುದು ಎಂದರ್ಥವಂತೆ. ಇಡೀ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಸುದ್ದಿ ಬಂದದ್ದು ಆ ಬಾಗಿಲಿನಿಂದ.

ಧ್ಯಾನದ ಪರಿಚಯ ಮೊದಲೇ ಇತ್ತು. ಬಿದ್ದದ್ದಕ್ಕಿಂತ ಆರು ವರ್ಷ ಹಿಂದೆ ಬೆಂಗಳೂರಿನ ಹೊರಗೆ ವಿಪಶ್ಯನದ ಹತ್ತು ದಿನದ ಶಿಬಿರಕ್ಕೆ ಹೋಗಿದ್ದೆ. ಬೆಳಗಿನ ನಾಲ್ಕಕ್ಕೆ ಗಂಟೆ, ಮಾತಿಲ್ಲ, ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರದ ಉಸಿರನ್ನು ಗಮನಿಸುವುದಷ್ಟೆ. ನಾಲ್ಕನೇ ದಿನದಿಂದ ನೆತ್ತಿಯಿಂದ ಕಾಲಿನವರೆಗೆ ಮೈಯ ಸಂವೇದನೆ ನೋಡುತ್ತ ಹೋಗಬೇಕು. ಒಂದು ತಾಸು ಅಲುಗಾಡದೆ ಕೂರುವುದಕ್ಕೆ ಅಲ್ಲಿ ಅಧಿಷ್ಠಾನ ಎನ್ನುತ್ತಾರೆ. ನನಗೆ ಒಂದು ದಿನವೂ ಅದು ಸಾಧ್ಯವಾಗಲಿಲ್ಲ. ಊರಿಗೆ ಬಂದು ಹದಿನೈದು ದಿನ ಕೂತೆ, ಆಮೇಲೆ ಕೊಯ್ಲು ಬಂತು, ಬಿಟ್ಟೆ. ಈಗ ನೋಡಿದರೆ ದಿನಕ್ಕೆ ಇಪ್ಪತ್ತನಾಲ್ಕು ತಾಸೂ ಅಧಿಷ್ಠಾನ!

ಐಸಿಯುನಲ್ಲಿ ಕಲಿತದ್ದನ್ನು ಮಾಡೋಣವೆಂದು ಕಣ್ಣು ಮುಚ್ಚಿದೆ. ಮುಚ್ಚಿದ ಕೂಡಲೇ ಬಿದ್ದೆ. ಅದೇ ಮರ, ಅದೇ ಜಾರಿದ ಕೈ, ಅದೇ ಸೊಪ್ಪಿನ ವಾಸನೆ. ಮೈ ಜಗ್ಗಿ ಪಕ್ಕೆಲುಬಿಗೆ ಚೂರಿ ಹಾಕಿದಂತಾಗುತ್ತಿತ್ತು. ಮತ್ತೆ ಮುಚ್ಚಿದೆ, ಮತ್ತೆ ಬಿದ್ದೆ. ಧ್ಯಾನದ ಬಗ್ಗೆ ಬರೆಯುವವರು ಇದನ್ನು ಯಾಕೋ ಹೇಳುವುದೇ ಇಲ್ಲ. ಪೆಟ್ಟು ತಿಂದ ಹೊಸದರಲ್ಲಿ ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಶಾಂತಿಗಿಂತ ಭಯವೇ ಹೆಚ್ಚಾಗುತ್ತದೆ. ನಾನು ಕಣ್ಣು ಬಿಟ್ಟುಕೊಂಡೆ. ಎದುರಿಗೆ ಸಲೈನ್ ಬಾಟಲಿ. ಅದರ ಕೆಳಗಿನ ಪುಟ್ಟ ಕೋಣೆಯಲ್ಲಿ ಹನಿ ತುಂಬಿಕೊಳ್ಳುತ್ತದೆ, ಕತ್ತು ಸಣ್ಣದಾಗುತ್ತದೆ, ಕಳಚುತ್ತದೆ. ಒಂದು. ಮತ್ತೊಂದು ತುಂಬಿಕೊಳ್ಳುತ್ತದೆ. ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುವುದು. ಆರಕ್ಕೋ ಏಳಕ್ಕೋ ಲೆಕ್ಕ ತಪ್ಪುತ್ತಿತ್ತು. ತಪ್ಪಿದರೆ ಒಂದು. ಸಾಲ ನೆನಪಾದರೆ ಒಂದು, ಆಯಿಯ ಅಳು ಕೇಳಿಸಿದರೆ ಒಂದು. ಹೀಗೆ ಎಷ್ಟು ರಾತ್ರಿ ಕಳೆಯಿತೋ.

ಎದೆಯ ಕೊಳವೆ ಇರುವಾಗ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಸಾಧನ ಕೈಗೆ ಕೊಟ್ಟರು, ಸ್ಪೈರೋಮೀಟರ್. ಉಸಿರು ಎಳೆದರೆ ಚೆಂಡು ಏರಬೇಕು. ಅದರ ಮೇಲೆ 600, 900, 1200 ಎಂದು ಬರೆದಿರುತ್ತದೆ. ಪಕ್ಕೆಲುಬಿನ ನೋವಿಗೆ ಹೆದರಿ ಮೇಲುಸಿರಲ್ಲೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಎಷ್ಟೋ ಜನರನ್ನು ಕೊಲ್ಲುವುದು ಅದೇ ಎಂದು ನರ್ಸಮ್ಮ ಗದರಿದರು. ಮೊದಲ ದಿನ ಒಂದು ಚೆಂಡೂ ಅಲುಗಲಿಲ್ಲ. ತಾಸಿಗೆ ಹತ್ತು ಸಲ. ಎಳೆಯುವಾಗ ನೋವು ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ಮೊನೆಯಾಗುತ್ತದೆ, ಬಿಡುವಾಗ ಎಲ್ಲಿ ಸಡಿಲುತ್ತದೆ ಎಂದು ನೋಡತೊಡಗಿದೆ. ನೋವಿಗಿಂತ ಒಂದು ಕ್ಷಣ ಮೊದಲೇ ಮೈ ಬಿಗಿಯಾಗುವುದು ಆಗ ಗೊತ್ತಾಯಿತು. ಬಿಗಿಯುತ್ತಿದ್ದವನು ನಾನೇ. ಆ ಬಿಗಿ ಬಿಟ್ಟಾಗ ನೋವು ಹೋಗಲಿಲ್ಲ, ಆದರೆ ಮೊದಲ ಚೆಂಡು ಏರಿತು. ನೋಡಲು ಬಂದ ದೊಡ್ಡಪ್ಪ "ಕಪಾಲಭಾತಿ ಮಾಡೋ ತಮಾ, ಎಲ್ಲಾ ಸರಿ ಹೋಗ್ತು" ಎಂದರು. ಮುರಿದ ಪಕ್ಕೆಲುಬಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮಾಡಬೇಡಿ. ಉಸಿರು ಬಿಗಿಹಿಡಿಯುವ ಕುಂಭಕ, ಜೋರಾಗಿ ಉಸಿರಾಡುವ ಭಸ್ತ್ರಿಕವೂ ಬೇಡ. ಡಾಕ್ಟರು ಹೇಳಿದಷ್ಟೇ ಉಸಿರು.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ರಾತ್ರಿ ಹೊರಳಿಸಿ ಹೋದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಆ ಹೊತ್ತನ್ನು ಕಾಲಿಗೆ ಕೊಟ್ಟೆ. ನೆತ್ತಿಯಿಂದ ಇಳಿಯುತ್ತ ಬರುವುದು: ಹಣೆ, ಗಂಟಲು, ಎದೆ, ಹೊಟ್ಟೆ. ಸೊಂಟದ ಕೆಳಗೆ ಬಂದರೆ ಕರೆಂಟು ಹೋದ ಊರು. ಏನೂ ಇಲ್ಲ. ಇಲ್ಲದಿರುವುದನ್ನೇ ನೋಡುತ್ತ ಮಂಡಿ, ಹಿಮ್ಮಡಿ, ಬೆರಳು ಮುಟ್ಟಿ ವಾಪಸ್ ಬರುವುದು. ದಿನಾ ಅದೇ. ಇಲ್ಲಿ ನಾನು ಧೀರನಾಗಿದ್ದೆ ಎಂದರೆ ಸುಳ್ಳಾಗುತ್ತದೆ. ಹನ್ನೊಂದನೇ ದಿನ ಹೆಂಡತಿಗೆ ಬಾಯಿಗೆ ಬಂದಂತೆ ಬೈದೆ, ತೋಟ ಮಾರಿ ಎಂದೆ, ಊಟದ ತಟ್ಟೆ ತಳ್ಳಿದೆ. ಅವಳು ಚೆಲ್ಲಿದ ಅನ್ನ ಒರೆಸಿ, "ನೀವು ಬೈಯುವಷ್ಟು ಉಸಿರು ಬಂತಲ್ಲ, ಆ ಚೆಂಡು ಊದಿ" ಎಂದು ಸ್ಪೈರೋಮೀಟರನ್ನೇ ಕೈಗಿಟ್ಟಳು. ಅದು ಊದುವುದಲ್ಲ, ಎಳೆಯುವುದು ಎಂದು ತಿದ್ದಲು ಹೋಗಿ ನಗು ಬಂತು. ನಕ್ಕಿದ್ದಕ್ಕೆ ಪಕ್ಕೆ ಹಿಡಿದುಕೊಂಡಿತು.

ಹತ್ತೊಂಬತ್ತನೇ ರಾತ್ರಿ ಬಲಗಾಲಿನ ಹೆಬ್ಬೆರಳ ಹತ್ತಿರ ಇರುವೆ ಹರಿದಂತಾಯಿತು. ಭ್ರಮೆ ಎಂದುಕೊಂಡೆ. ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗ ಬಂದಾಗ ಹೇಳಿದೆ. ಅವನು ಹೊದಿಕೆ ಸರಿಸಿ "ಎತ್ತಿ ಅಂಕಲ್" ಎಂದ. ನನಗೆ ಎತ್ತಿದ್ದು ಗೊತ್ತಾಗಲಿಲ್ಲ, ಅವನ ಕಣ್ಣಿನಲ್ಲಿ ಗೊತ್ತಾಯಿತು. ಧ್ಯಾನದಿಂದ ನರ ಕೂಡಿತು ಎಂದು ನಾನು ಹೇಳುವುದಿಲ್ಲ. ಒತ್ತಡ ತೆಗೆದದ್ದು ಸರ್ಜನ್, ಊತ ಇಳಿದದ್ದು ಕಾಲಕ್ರಮದಲ್ಲಿ. ಆದರೆ ಇರುವೆಯಷ್ಟು ಸಣ್ಣದು ಬಂದಾಗ ನಾನು ಮನೆಯಲ್ಲೇ ಇದ್ದೆ, ಬಾಗಿಲು ತೆಗೆದೆ. ಅದಾದ ಮೇಲೆ ವ್ಯಾಯಾಮದಲ್ಲಿ ಯಾವ ಸ್ನಾಯುವನ್ನು ಕರೆಯಬೇಕು ಎಂಬುದು ನನಗೆ ಒಳಗಿನಿಂದ ಕಾಣುತ್ತಿತ್ತು.

ಏಳನೇ ವಾರ ಬೆಲ್ಟ್ ಕಟ್ಟಿಕೊಂಡು ವಾಕರ್ ಹಿಡಿದು ನಿಂತೆ. ತಲೆ ತಿರುಗಿ ಕೂತೆ. ಮಾರನೇ ದಿನ ಮತ್ತೆ ನಿಂತೆ. ಹಾಸಿಗೆಯಿಂದ ಕಿಟಕಿಗೆ ಆರು ಹೆಜ್ಜೆ, ಒಂದೊಂದು ಹೆಜ್ಜೆಗೆ ಒಂದು ಉಸಿರು. ಮನೆಗೆ ಬಂದ ಮೇಲೆ ಜಗಲಿ, ಅಂಗಳ, ಆಮೇಲೆ ತೋಟದ ದಣಪೆ, ಅಂದರೆ ಬೇಲಿಯ ದಾಟುಬಾಗಿಲು. ದಣಪೆ ದಾಟಲು ಮಾತ್ರ ಕಾಲು ಕೇಳಲಿಲ್ಲ, ಬಲ ಬಂದ ಮೇಲೂ. ದಿನಾ ಅಲ್ಲಿವರೆಗೆ ಹೋಗಿ, ಎದೆ ಬಡಿದುಕೊಳ್ಳುವುದನ್ನು ನೋಡಿ, ಹತ್ತು ಉಸಿರು ಎಣಿಸಿ ವಾಪಸ್. ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ದನ ಒಳಗೆ ನುಗ್ಗಿತೆಂದು ಓಡಿಸಲು ಹೋದೆ. ಹಿಂತಿರುಗಿ ನೋಡಿದಾಗ ದಣಪೆ ನನ್ನ ಹಿಂದೆ ಇತ್ತು.

ಈಗ ನಮ್ಮಲ್ಲಿ ಅರ್ಧ ತೋಟಕ್ಕೆ ಉದ್ದ ಗಳದಂಥ ಕಾರ್ಬನ್ ಫೈಬರ್ ದೋಟಿ, ನೆಲದಲ್ಲೇ ನಿಂತು ಮದ್ದು. ಎತ್ತರದ ಹಳೆ ಮರಗಳಿಗೆ ಕೊನೆಗೌಡನೇ ಬೇಕು. ಎಡ ಪಾದದ ಹೊರ ಅಂಚು ಇನ್ನೂ ಜೋಮು, ಮಳೆಗಾಲದಲ್ಲಿ ಬೆನ್ನಿನ ಸ್ಕ್ರೂ ಬಿಗಿಯುತ್ತದೆ. ದಿನಕ್ಕೆರಡು ಸಲ ಅರ್ಧ ತಾಸು ಕುರ್ಚಿಯ ಮೇಲೆ ಕೂರುತ್ತೇನೆ, ಕಣ್ಣು ಈಗ ಮುಚ್ಚುತ್ತದೆ. ಹೋದ ವರ್ಷ ಮದ್ದಿನ ದಿನ ಕೆಳಗೆ ಪೈಪ್ ಹಿಡಿದು ನಿಂತಿದ್ದೆ. ಕೊನೆಗೌಡ ತುದಿಯಿಂದ ಮರವನ್ನು ಬಗ್ಗಿಸಿ ಪಕ್ಕದ್ದಕ್ಕೆ ಕೈ ಚಾಚಿದ. ನಾನು ಒಂದು, ಎರಡು ಎಂದು ಎಣಿಸತೊಡಗಿದೆ. ಮೂರಕ್ಕೆ ಮೇಲಿನಿಂದ ಕೂಗು ಬಂತು:

"ಹೆಗಡೇರೆ, ಪೈಪ್ ಬಿಡಿ ಮಾರಾಯ್ರೆ! ನನ್ನನ್ನೂ ಬೀಳಿಸ್ತ್ರಾ?"