ನಿಂಬೆಹೋಳು ಕಣ್ಣಿನ ಹತ್ತಿರ ತರಬೇಡಿ

ಮೊನ್ನೆ ಮೊಮ್ಮಗಳು ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳಗಿನ ಕಪ್ಪಿಗೆ ನಿಂಬೆಹೋಳು ತಿಕ್ಕುತ್ತಿದ್ದಳು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಕೈಯಿಂದ ಕಿತ್ತುಕೊಂಡೆ. ಹಿಂಡಿದ ನಿಂಬೆಸಿಪ್ಪೆಗೆ ಉಪ್ಪು ಮುಟ್ಟಿಸಿ ಹಿತ್ತಾಳೆ ದೀಪ ತಿಕ್ಕಿ, ಫಳಫಳ ಹೊಳೆಯುತ್ತೆ. ಮುಖಕ್ಕೆ ಯಾಕಮ್ಮಾ?

ಕಣ್ಣಿನ ಕೆಳಗಿನ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳು. ಒಳಗಿನ ರಕ್ತನಾಳ ಕಾಣುವುದರಿಂದಲೇ ಎಷ್ಟೋ ಜನರಿಗೆ ಅದು ನೀಲಿಗಪ್ಪಾಗಿ ತೋರುತ್ತದೆ. ನಿದ್ದೆಗೆಟ್ಟರೆ ಎದ್ದು ಕಾಣುತ್ತದೆ. ಧೂಳು ಆಗದೆ ಕಣ್ಣು ತುರಿಸಿ ತುರಿಸಿ ಉಜ್ಜಿಕೊಂಡರೆ ಇನ್ನೂ ಜಾಸ್ತಿ. ಕೆಲವರಿಗೆ ವಂಶದಲ್ಲೇ ಬಂದಿರುತ್ತದೆ, ಅದು ಪೂರ್ತಿ ಹೋಗಲ್ಲ.

ಈಗಿನ ಹುಡುಗಿಯರು ಕಾಡಿಗೆ ಹಚ್ಚಿಕೊಂಡೇ ಮಲಗುತ್ತಾರೆ. ಬೆಳಿಗ್ಗೆ ಸೋಪು ಹಾಕಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಾರೆ. ನಮ್ಮಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದಳು. ಆದರೂ ರಾತ್ರಿ ತೆಗೆಯದೆ ಹಾಸಿಗೆಗೆ ಬಿಡುತ್ತಿರಲಿಲ್ಲ.

ತೆಗೆಯುವುದಕ್ಕೆ ಹತ್ತಿ ಉಂಡೆ ಬೇಡ, ಎಳೆ ಬಿಡುತ್ತೆ. ಒಗೆದೊಗೆದು ಮೆತ್ತಗಾದ ಹಳೇ ಪಂಚೆ ಬೇಕು. ಅಂಚು ಬಿಟ್ಟು ನಡುವಿನಲ್ಲಿ ಎರಡು ತುಂಡು ಹರಿದುಕೊಳ್ಳಿ. ಕೊಬ್ಬರಿ ಎಣ್ಣೆ ಒಂದು ತೊಟ್ಟು ಸಾಕು. ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕಣ್ಣು ಮುಚ್ಚಿ, ಉಂಗುರದ ಬೆರಳಿಂದ ರೆಪ್ಪೆಯಂಚಿಗೆ ಮುಟ್ಟಿಸಿ. ಆ ಬೆರಳಿಗೆ ಬಲ ಕಡಿಮೆ, ಅದಕ್ಕೇ ಅದು. ಎಣ್ಣೆ ಕಣ್ಣೊಳಗೆ ಹೋಗಬಾರದು. ನಾಲ್ಕು ಉಸಿರು ಸುಮ್ನೆ ಇರಿ, ಕಾಡಿಗೆ ತಾನೇ ಸಡಿಲವಾಗುತ್ತದೆ. ಈಗ ಬಟ್ಟೆ ಒತ್ತಿ, ಎತ್ತಿ. ಎಳೆಯಬೇಡಿ. ಕಪ್ಪಾದ ಮಗ್ಗುಲು ಮಡಚಿ ಹೊಸ ಮಗ್ಗುಲಿಂದ ಮತ್ತೆ ಒತ್ತಿ. ಬಟ್ಟೆಗೆ ಕಪ್ಪು ಹತ್ತದಿದ್ದರೆ ಮುಗಿಯಿತು. ಇನ್ನೊಂದು ತುಂಡನ್ನು ಮಡಕೆ ನೀರಲ್ಲಿ ಅದ್ದಿ, ಹಿಂಡಿ, ತಣುಪು ಆರುವ ತನಕ ಕಣ್ಣ ಮೇಲಿಡಿ. ಐಸ್ ನೇರವಾಗಿ ಬೇಡ. ಸೌತೆಕಾಯಿ ಬಿಲ್ಲೆ ಇಟ್ಟರೂ ಕೆಲಸ ಮಾಡುವುದು ಅದರ ತಣುಪೇ.

ಕಣ್ಣಿನ ಕೆಳಗಿನ ಕಪ್ಪಿನ ಜೊತೆಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿದ ಉಗುರು ಇದ್ದರೆ ಕ್ರೀಮ್ ಹುಡುಕಬೇಡಿ. ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನನ್ನ ಸೊಸೆ ವರ್ಷವಿಡೀ ಕ್ರೀಮ್ ಬಳಿದಳು, ಕೊನೆಗೆ ನೋಡಿದರೆ ರಕ್ತವೇ ಕಡಿಮೆ. ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ನುಗ್ಗೆಸೊಪ್ಪಿನ ಪಲ್ಯ ಮಾಡಿ ಹಾಕಿದೆ. ಆ ನಿಂಬೆಹೋಳು ಹಿಂಡಬೇಕಾದದ್ದು ಆ ಪಲ್ಯಕ್ಕೆ, ಹುಳಿ ಬಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿಯಬೇಡಿ, ಒಂದು ಗಂಟೆಯಾದರೂ ತಡೆಯಿರಿ.