ಹೊಳೆಗೂ ಕಡಲಿಗೂ ನಡುವೆ: ಪಡುಕೆರೆಗೆ ಬಂದವರನ್ನು ನಾನು ತಿರುಗಾಡಿಸುವ ಬಗೆ

ಉಡುಪಿ ನಗರದಿಂದ ಮಲ್ಪೆಗೆ ಇರುವುದು ಸುಮಾರು ಆರು ಕಿಲೋಮೀಟರು ದೂರ. ಮಲ್ಪೆ ಬಂದರಿನ ದಕ್ಷಿಣಕ್ಕೆ ಸೇತುವೆ ದಾಟಿದರೆ ಪಡುಕೆರೆ ಸಿಗುತ್ತದೆ. ಉದ್ಯಾವರ ಹೊಳೆಯು ಪೂರ್ವದಿಂದ ಹರಿದುಬಂದು ನೇರವಾಗಿ ಕಡಲಿಗೆ ಬೀಳದೆ, ಕರೆಯ, ಅಂದರೆ ಕಡಲದಂಡೆಯ, ಹತ್ತಿರ ಉತ್ತರಕ್ಕೆ ತಿರುಗಿ, ಕಡಲಿನ ಮಗ್ಗುಲಲ್ಲೇ ಸಾಗಿ ಮಲ್ಪೆಯ ಅಳಿವೆಬಾಗಿಲಲ್ಲಿ ಸಮುದ್ರವನ್ನು ಸೇರುತ್ತದೆ. ಆ ಹೊಳೆಗೂ ಅರಬ್ಬಿ ಸಮುದ್ರಕ್ಕೂ ನಡುವೆ ಉಳಿದ ಹೊಯ್ಗೆಯ (ಮರಳಿನ) ಉದ್ದನೆಯ ಪಟ್ಟಿಯೇ ನಮ್ಮ ಊರು. ಕೆಲವು ಕಡೆ ರಸ್ತೆಯ ಮೇಲೆ ನಿಂತರೆ ಒಂದು ಕಡೆ ತೆರೆ, ಇನ್ನೊಂದು ಕಡೆ ತೆಂಗಿನ ತೋಟದಾಚೆಗೆ ಹೊಳೆಯ ನೀರು, ಎರಡೂ ಕಾಣುತ್ತವೆ. ಮಕ್ಕಳು ಕೆಲಸಕ್ಕೆಂದು ಬೇರೆ ಊರುಗಳಿಗೆ ಹೋದ ಮೇಲೆ ಮನೆಯ ಎರಡು ಕೋಣೆಗಳನ್ನು ಬಂದುಹೋಗುವವರಿಗೆ ಕೊಡತೊಡಗಿದೆವು. ಅವರಿಗೆ ಊರು ತೋರಿಸುವುದು ಹೀಗೆ ನನ್ನ ಪಾಲಿನ ಕೆಲಸವಾಯಿತು.

ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ಸೇಂಟ್ ಮೇರೀಸ್ ದ್ವೀಪ, ಮಲ್ಪೆ ಬೀಚ್, ಕೃಷ್ಣಮಠ, ಕಾಪು ದೀಪಸ್ತಂಭ. ಎಲ್ಲವನ್ನೂ ಕಾರಿನಲ್ಲಿ ಒಂದೇ ದಿನದಲ್ಲಿ ಮುಗಿಸಬಹುದು, ಮುಗಿಸುವವರೂ ಇದ್ದಾರೆ. ಆದರೆ ನಡುಮಧ್ಯಾಹ್ನದ ಬಿಸಿಲಲ್ಲಿ ಬೀಚಿಗೂ, ನೀರು ಇಳಿದ ಹೊತ್ತಿನಲ್ಲಿ ಹೊಳೆಗೂ, ಏಲಂ ಮುಗಿದ ಮೇಲೆ ಬಂದರಿಗೂ ಹೋದವರಿಗೆ ಈ ಊರು ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ಅತಿಥಿಗಳು ಬರುವ ಹಿಂದಿನ ಸಂಜೆ ನಾನು ಮೊದಲು ನೋಡುವುದು ನೀರಿನ ಲೆಕ್ಕವನ್ನು. ನಮ್ಮಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಪ್ರತಿದಿನವೂ ಆ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ. ಮೀನುಗಾರರು ಇದನ್ನು ತಿಥಿಯ ಮೇಲೆಯೇ ಹೇಳಿಬಿಡುತ್ತಾರೆ. ನಾನು ಗೋಡೆಯ ಪಂಚಾಂಗವನ್ನೂ ನವಮಂಗಳೂರು ಬಂದರಿನ ಉಬ್ಬರವಿಳಿತದ ಕೋಷ್ಟಕವನ್ನೂ ಜೊತೆಗಿಟ್ಟುಕೊಂಡು ದಿನದ ಕ್ರಮವನ್ನು ಹೊಂದಿಸುತ್ತೇನೆ.

ಯಾವ ದಿನವಾದರೂ ಬದಲಾಗದ ಒಂದು ಅಂಶವೆಂದರೆ ಬೆಳಗಿನ ದಕ್ಕೆ, ಅಂದರೆ ಬಂದರಿನಲ್ಲಿ ಬೋಟುಗಳು ಮೀನು ಇಳಿಸುವ ಕಟ್ಟೆ. ಮಲ್ಪೆಯು ರಾಜ್ಯದ ಅತಿದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬೆಳಕು ಹರಿಯುವ ಮೊದಲೇ ಅಲ್ಲಿ ಕೆಲಸ ಭರದಲ್ಲಿರುತ್ತದೆ. ಆಳಸಮುದ್ರದ ಟ್ರಾಲ್ ಬೋಟುಗಳು ವಾರ, ಹತ್ತು ದಿನ ಕಡಲಲ್ಲಿದ್ದು ಮಂಜುಗಡ್ಡೆಯಲ್ಲಿಟ್ಟ ಮೀನನ್ನು ಇಳಿಸುತ್ತವೆ; ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂಗುಡೆ, ಬೂತಾಯಿಯಂತಹ ಗುಂಪು ಮೀನನ್ನು ತರುತ್ತವೆ. ಇಳಿಸಿದ ಮೀನನ್ನು ಜಾತಿವಾರು ಬೇರ್ಪಡಿಸಿ ರಾಶಿ ಹಾಕಿದೊಡನೆ ಏಲಂ ಆರಂಭವಾಗುತ್ತದೆ. ಹೊಸಬರಿಗೆ ಅದು ಜಗಳದಂತೆ ಕೇಳಿಸಿದರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಯಾರು ಕೂಗುತ್ತಾರೆ, ಯಾರು ಬರೀ ಕಣ್ಸನ್ನೆಯಲ್ಲಿ ದರ ಏರಿಸುತ್ತಾರೆ ಎಂಬುದು ತಿಳಿಯುತ್ತದೆ. ಬೆಲೆಬಾಳುವ ಮೀನುಗಳಾದ ಅಂಜಲ್ ಮತ್ತು ಮಾಂಜಿ ದೊಡ್ಡ ವ್ಯಾಪಾರಿಗಳ ಕಡೆಗೆ ಹೋಗುತ್ತವೆ. ಬೊಂಡಾಸ್ (ಸ್ಕ್ವಿಡ್) ಹೆಚ್ಚಾಗಿ ರಫ್ತಿಗೆ. ಕೆಂಪುಬಣ್ಣದ ರಾಣಿಮೀನು ನೋಡಲು ಅಷ್ಟು ಚೆಂದವಿದ್ದರೂ ಅದರಲ್ಲಿ ಬಹುಪಾಲು ಸುರಿಮಿ ಎಂಬ ಅರೆದ ಮೀನಿನ ಮುದ್ದೆ ತಯಾರಿಸುವ ಕಾರ್ಖಾನೆಗಳಿಗೆ ಲಾರಿ ಹತ್ತುತ್ತದೆ. ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರ ಮಹಿಳೆಯರು ತಮ್ಮ ಪಾಲಿನ ಬುಟ್ಟಿಗಳನ್ನು ಹಿಡಿದು ಉಡುಪಿ, ಮಣಿಪಾಲದ ಕಡೆಗೆ ಹೊರಡುವುದು ಇದೇ ಹೊತ್ತಿನಲ್ಲಿ.

ದಕ್ಕೆಗೆ ಕರೆದುಕೊಂಡು ಹೋಗುವಾಗ ನಾನು ಪಾಲಿಸುವ ಕ್ರಮಗಳು ಸರಳವಾದವು. ವಾಹನವನ್ನು ಹೊರಗೇ ನಿಲ್ಲಿಸಿ ನಡೆದುಹೋಗುತ್ತೇವೆ, ಏಕೆಂದರೆ ಒಳಗೆ ಲಾರಿ, ಮಂಜುಗಡ್ಡೆಯ ಗಾಡಿ, ತಲೆಹೊರೆ ಇವುಗಳಿಗೇ ಜಾಗ ಸಾಲದು. ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿಸುತ್ತೇನೆ. ಹೊರೆ ಹೊತ್ತವರ ದಾರಿಗೆ ಅಡ್ಡ ನಿಲ್ಲಬಾರದು. ಅವರು ಕೂಗಿದಾಗ ಸರಿಯುವುದಕ್ಕಿಂತ ಮೊದಲೇ ಕಂಬದ ಬದಿಗೆ ನಿಂತಿರುವುದು ಲೇಸು. ಫೋಟೋ ತೆಗೆಯುವ ಮೊದಲು ಕೇಳಬೇಕು. "ಅಕ್ಕಾ, ಒಂದು ಫೋಟೋ ತೆಗೆಯಬಹುದಾ?" ಎಂದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ, ಆದರೆ ವ್ಯಾಪಾರ ಬಿಸಿಯಾಗಿರುವಾಗ ಕೇಳದಿರುವುದೇ ಮರ್ಯಾದೆ. ಮನೆಗೆ ಬೇಕಾದ ಮೀನನ್ನು ಏಲಂನಲ್ಲಿ ಕೊಳ್ಳಲು ಹೋಗದೆ ಹೊರಗೆ ಕುಳಿತ ಹೆಂಗಸರಿಂದ ಕೊಳ್ಳುತ್ತೇನೆ. ಯಾವುದು ಇಂದಿನದು, ಯಾವುದು ಮಂಜುಗಡ್ಡೆಯಲ್ಲಿ ಮಲಗಿ ಬಂದದ್ದು ಎಂದು ಅವರು ನನಗೆ ಮರೆಮಾಚದೆ ಹೇಳುತ್ತಾರೆ. ಆ ಸಲುಗೆ ಒಂದೇ ದಿನದಲ್ಲಿ ಬಂದದ್ದಲ್ಲ.

ದ್ವೀಪಕ್ಕೆ ಹೋಗುವುದಿದ್ದರೆ ದಕ್ಕೆಯಿಂದ ಬಂದು ತಿಂಡಿ ಮುಗಿಸಿ ಮೊದಲ ಬೋಟನ್ನೇ ಹಿಡಿಯುತ್ತೇವೆ. ಸೇಂಟ್ ಮೇರೀಸ್ ದ್ವೀಪವನ್ನು ಇಲ್ಲಿನವರು ತೋನ್ಸೆಪಾರ್ ಎಂದು ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಹೇಳಿಕೆಯನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ನನಗೆ ಅದಕ್ಕಿಂತ ಕಲ್ಲುಗಳ ಕಥೆಯೇ ಹೆಚ್ಚು ಇಷ್ಟ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತದ ಭೂಭಾಗಗಳು ಬೇರೆಯಾದ ಕಾಲದ ಜ್ವಾಲಾಮುಖಿ ಚಟುವಟಿಕೆಯಿಂದ ಹೊರಬಂದ ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕುಬಿಟ್ಟು, ಐದು, ಆರು, ಏಳು ಮುಖಗಳ ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಕ್ಕಳು ಜೊತೆಗಿದ್ದರೆ ಕಂಬಗಳ ತಲೆಯ ಮೇಲಿನ ಮೂಲೆಗಳನ್ನು ಎಣಿಸಲು ಹೇಳುತ್ತೇನೆ. ಆರಿಲ್ಲದ ಕಂಬ ಸಿಕ್ಕಾಗ ಅವರಿಗಾಗುವ ಸಂತೋಷವೇ ಬೇರೆ. ದ್ವೀಪದಲ್ಲಿ ನೆರಳು ಕಡಿಮೆ, ರಾತ್ರಿ ತಂಗಲು ಅವಕಾಶವಿಲ್ಲ. ಪಾಚಿ ಕಟ್ಟಿದ ಬಂಡೆಯ ಅಂಚಿಗೆ ಹೋಗಿ ಫೋಟೋಕ್ಕೆ ನಿಲ್ಲುವುದನ್ನು ನಾನು ಕಟ್ಟುನಿಟ್ಟಾಗಿ ತಡೆಯುತ್ತೇನೆ. ಅಲ್ಲಿ ಕಾಲು ಜಾರಿದರೆ ಕೆಳಗೆ ಸಿಗುವುದು ಮರಳಲ್ಲ.

ಮರಳಿ ಬರುವಾಗ ವಡಭಾಂಡೇಶ್ವರದ ಬಲರಾಮ ದೇವಸ್ಥಾನಕ್ಕೆ ಹೋಗಿಬರುವುದು ಸುಲಭ. ಚಂಡಮಾರುತಕ್ಕೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಇಲ್ಲಿನ ಕರೆಗೆ ತಂದರೆಂದೂ, ಅದರಲ್ಲಿದ್ದ ಗೋಪೀಚಂದನದ ಹೆಂಟೆಯೊಳಗೆ ಸಿಕ್ಕ ಕೃಷ್ಣನ ಮೂರ್ತಿಯೇ ಉಡುಪಿಯಲ್ಲಿ ಪೂಜೆಗೊಳ್ಳುತ್ತಿರುವುದೆಂದೂ ಪರಂಪರೆ ಹೇಳುತ್ತದೆ. ಕೃಷ್ಣಮಠವನ್ನು ನೋಡುವ ಮೊದಲೇ ಈ ಕರೆಯನ್ನು ನೋಡಿದವರಿಗೆ ಆ ಕಥೆ ಬೇರೆಯೇ ರೀತಿಯಲ್ಲಿ ಹತ್ತಿರವಾಗುವುದನ್ನು ನಾನು ಗಮನಿಸಿದ್ದೇನೆ.

ದ್ವೀಪದ ಆಸೆ ಇಲ್ಲದವರನ್ನು, ಅಥವಾ ಎರಡನೆಯ ದಿನ ಉಳಿದವರನ್ನು, ದಕ್ಷಿಣಕ್ಕೆ ಕರೆದೊಯ್ಯುತ್ತೇನೆ. ನನ್ನ ಮಟ್ಟಿಗೆ ಈ ಭಾಗದ ನಿಜವಾದ ಸೊಗಸು ಇರುವುದು ಇಲ್ಲೇ. ಪಡುಕೆರೆಯಿಂದ ಕಡಲ ಬದಿಯಲ್ಲೇ ಮಟ್ಟುವಿನವರೆಗೆ ಸಾಗುವ ರಸ್ತೆ ಸಮತಟ್ಟಾಗಿದೆ, ಸೈಕಲ್ಲಿಗೆ ಹೇಳಿಮಾಡಿಸಿದಂತಿದೆ. ಆದರೆ ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕರ ಮೇಲೆ ಮಾತ್ರ ಹೊರಡುವುದು ಒಳ್ಳೆಯದು. ದಾರಿಯುದ್ದಕ್ಕೂ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ತಡೆಗೋಡೆ, ಮೇಲಕ್ಕೆಳೆದ ನಾಡದೋಣಿಗಳು, ಬಲೆ ಹೆಣೆಯುವವರು, ಅಂಗಳದಲ್ಲಿ ಒಣಗುವ ಮೀನು ಕಾಣಸಿಗುತ್ತವೆ. ಕೈರಂಪಣಿ ಬಲೆ ಎಳೆಯುವ ಗುಂಪು ಎದುರಾದರೆ ಆ ದಿನದ ಉಳಿದ ಯೋಜನೆಯನ್ನೆಲ್ಲ ಬಿಟ್ಟು ಅಲ್ಲೇ ನಿಲ್ಲುತ್ತೇನೆ. ದೋಣಿಯಲ್ಲಿ ಅರ್ಧವೃತ್ತಾಕಾರವಾಗಿ ಬಲೆ ಬಿಟ್ಟುಬಂದು, ಎರಡು ಕೊನೆಗಳನ್ನೂ ಕರೆಯಿಂದ ಹತ್ತಾರು ಜನ ಎಳೆಯುವ ಹಳೆಯ ಪದ್ಧತಿ ಅದು. ಕೈ ಜೋಡಿಸುತ್ತೇವೆಂದರೆ ಬೇಡವೆನ್ನುವವರು ಕಡಿಮೆ, ಅಂಗೈ ಮಾತ್ರ ಸಂಜೆಯವರೆಗೆ ಉರಿಯುತ್ತದೆ.

ಮಟ್ಟುವಿನಲ್ಲಿ ನೋಡಬೇಕಾದದ್ದು ಕಡಲಿಗಿಂತ ಹೆಚ್ಚಾಗಿ ಗದ್ದೆಗಳನ್ನು. ಮುಂಗಾರಿನ ಭತ್ತದ ಕೊಯ್ಲಾದ ಬಳಿಕ ಅದೇ ನೆಲದಲ್ಲಿ ಗುಳ್ಳ ನೆಡುತ್ತಾರೆ. ತಿಳಿಹಸಿರು ಬಣ್ಣ, ದುಂಡನೆಯ ಆಕಾರ, ತೆಳುಸಿಪ್ಪೆ, ತೊಟ್ಟಿನಲ್ಲಿ ಮುಳ್ಳು ಇರುವ ಈ ಬದನೆಯ ಬೀಜವನ್ನು ಸೋದೆ ಮಠದ ಯತಿ ವಾದಿರಾಜರು ಈ ಊರಿನವರಿಗೆ ಕೊಟ್ಟರೆಂಬುದು ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೇರೆ ಊರಿನ ಕಾಯಿಗಳನ್ನು ಮಟ್ಟು ಗುಳ್ಳವೆಂದು ಮಾರುವುದನ್ನು ತಡೆಯಲು ಬೆಳೆಗಾರರು ತಮ್ಮ ಕಾಯಿಗಳ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸುತ್ತಾರೆ. ಅತಿಥಿಗಳಿಗೆ ಅದನ್ನು ಗುರುತಿಸಲು ಕಲಿಸಿಯೇ ಕೊಳ್ಳಲು ಕಳುಹಿಸುತ್ತೇನೆ. ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ಊಟಕ್ಕೆ ಇಲ್ಲಿಂದ ಹೊರೆಕಾಣಿಕೆಯಾಗಿ ಗುಳ್ಳ ಹೋಗುತ್ತದೆ. ಮನೆಯಲ್ಲಿ ನನ್ನ ಹೆಂಡತಿ ಅದನ್ನು ಬೋಳುಹುಳಿ ಮಾಡುತ್ತಾಳೆ. ತೆಂಗಿನಕಾಯಿ ಹಾಕದ ಆ ಸಾರಿನಲ್ಲಿ ಗುಳ್ಳದ ರುಚಿ ಮುಚ್ಚಿಹೋಗುವುದಿಲ್ಲ. ಮೀನು ತಿನ್ನದವರು ಕರಾವಳಿಗೆ ಬಂದು ಮಾಡುವುದೇನೆಂದು ಕೇಳಿದಾಗ ನಾನು ಕೊಡುವ ಉತ್ತರ ಇದು.

ಮಟ್ಟುವಿನಿಂದ ಮುಂದೆ ಹೋದರೆ ಕಾಪು. 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭವನ್ನು ಸಂಜೆಯ ಹೊತ್ತು ಹತ್ತಬಹುದು. ಮೇಲಿನಿಂದ ಕಾಣುವ ನೋಟ ಚೆನ್ನಾಗಿದೆ, ರಜಾದಿನಗಳ ಜನಸಂದಣಿ ಚೆನ್ನಾಗಿಲ್ಲ. ವಾರದ ನಡುವಿನ ದಿನವೇ ಸರಿ. ಇತಿಹಾಸದ ಆಸಕ್ತಿಯುಳ್ಳವರು ಬಂದರೆ ಕಾಪುವನ್ನು ಕೈಬಿಟ್ಟು ಉದ್ಯಾವರದ ಕಡೆಗೆ ತಿರುಗುತ್ತೇನೆ. ಇಂದು ಹೆದ್ದಾರಿಯ ಬದಿಯ ಊರಾಗಿ ಕಾಣುವ ಉದ್ಯಾವರವು ಒಂದು ಕಾಲಕ್ಕೆ ತುಳುನಾಡನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿತ್ತು. ಅವರ ಕಾಲದ ಹಳೆಗನ್ನಡ ಶಾಸನಗಳು ಅಲ್ಲಿ ದೊರೆತಿವೆ.

ಸಂಜೆಯನ್ನು ನಾನು ಹೊಳೆಗೆ ಮೀಸಲಿಡುತ್ತೇನೆ, ನೀರಿನ ಲೆಕ್ಕ ಒಪ್ಪಿದರೆ ಮಾತ್ರ. ಸಣ್ಣ ದೋಣಿಯಲ್ಲಾಗಲಿ ಕಯಾಕ್‌ನಲ್ಲಾಗಲಿ ಉಬ್ಬರ ಪೂರ್ತಿಯಾಗುವುದಕ್ಕೆ ಒಂದೂವರೆ ಗಂಟೆ ಮೊದಲು ಹೊರಟರೆ, ಒಳಬರುವ ನೀರೇ ದಕ್ಷಿಣದ ಕಡೆಗೆ ಒಯ್ಯುತ್ತದೆ. ಮರಳುವಾಗ ಇಳಿತ ಬಂದರಿನ ಕಡೆಗೆ ತರುತ್ತದೆ. ಹುಟ್ಟು ಹಾಕಿ ಅಭ್ಯಾಸವಿಲ್ಲದವರಿಗೂ ಇದರಿಂದ ಆಯಾಸವಾಗುವುದಿಲ್ಲ. ನೀರು ಪೂರ್ತಿ ಇಳಿದಾಗ ಹೋದರೆ ಬದಿಯ ಕೆಸರಿಗೆ ದೋಣಿ ಸಿಕ್ಕಿಕೊಳ್ಳುತ್ತದೆ, ಇಳಿದು ತಳ್ಳಿದರೆ ಚಿಪ್ಪಿಗೆ ಕಾಲು ಕೊಯ್ಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಮಿಂಚುಳ್ಳಿ, ಕೊಕ್ಕರೆ, ನೀರುಕಾಗೆಗಳು ಕುಳಿತಿರುತ್ತವೆ. ಬಂದರಿನ ಮೇಲೆ ಬಿಳಿತಲೆಯ ಗರುಡಗಳು ಸದಾ ಸುತ್ತುತ್ತಿರುತ್ತವೆ. ಗಿಡಗಳ ಒಳಗೆ ನುಗ್ಗದೆ ಹೊರಗಿನಿಂದಲೇ ನೋಡಬೇಕು, ಸದ್ದು ಮಾಡಬಾರದು ಎಂಬುದನ್ನು ಹತ್ತುವ ಮೊದಲೇ ಹೇಳಿಬಿಡುತ್ತೇನೆ. ಬದುಕುಳಿಸುವ ಜಾಕೆಟ್ ಹಾಕದವರನ್ನು, ಅವರು ಎಷ್ಟೇ ಒಳ್ಳೆಯ ಈಜುಗಾರರಾಗಿರಲಿ, ದೋಣಿಗೆ ಹತ್ತಿಸುವುದಿಲ್ಲ. ದೊಡ್ಡ ಇಳಿತದ ದಿನಗಳಲ್ಲಿ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವವರು ಕಾಣುತ್ತಾರೆ. ಅದು ಅವರ ಸಂಪಾದನೆ. ನಾವೂ ಇಳಿದು ಹೆಕ್ಕುವುದಕ್ಕಿಂತ ಅವರಿಂದ ಕೊಂಡು ಮನೆಗೆ ತರುವುದು ಸರಿಯೆನಿಸಿ ಹಾಗೆಯೇ ಮಾಡುತ್ತ ಬಂದಿದ್ದೇನೆ.

ನವೆಂಬರಿನಿಂದ ಮೇ ತಿಂಗಳವರೆಗೆ ಸುತ್ತಮುತ್ತಲಿನ ಊರುಗಳಲ್ಲಿ ಯಕ್ಷಗಾನದ ಆಟವೋ ಭೂತದ ಕೋಲವೋ ನಡೆಯುತ್ತಲೇ ಇರುತ್ತದೆ. ಆಟಕ್ಕೆ ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಕೋಲ ಪ್ರದರ್ಶನವಲ್ಲ, ಆರಾಧನೆ. ಆ ಮನೆಯವರ ಅಥವಾ ಸ್ಥಾನದವರ ಒಪ್ಪಿಗೆಯಿದ್ದಾಗ ಮಾತ್ರ ಕರೆದೊಯ್ಯುತ್ತೇನೆ, ಮೊಬೈಲ್ ಹೊರತೆಗೆಯಬಾರದೆಂದು ಮೊದಲೇ ತಿಳಿಸುತ್ತೇನೆ.

ಕಡಲಿನಲ್ಲಿ ಈಜುವ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ. ಮಲ್ಪೆ ಬೀಚಿನಲ್ಲಿ ಜೀವರಕ್ಷಕರಿದ್ದಾರೆ, ಅವರು ಗುರುತಿಸಿದ ಜಾಗದಲ್ಲಿ ಇಳಿಯಬಹುದು. ಪಡುಕೆರೆಯ ಕರೆ ಮೇಲ್ನೋಟಕ್ಕೆ ಖಾಲಿಯಾಗಿ ಶಾಂತವಾಗಿ ಕಂಡರೂ ಅಲ್ಲಿ ನೀರು ಒಳಗೆಳೆಯುವ ಸ್ಥಳಗಳಿವೆ, ಅವು ಪ್ರತಿ ಮಳೆಗಾಲದ ನಂತರ ಜಾಗ ಬದಲಾಯಿಸುತ್ತವೆ. ಮೊಣಕಾಲಿನವರೆಗೆ ನಿಂತರೆ ಸಾಕು. ಅಳಿವೆಬಾಗಿಲಿನ ಹತ್ತಿರ ಅದೂ ಬೇಡ.

ಮಳೆಗಾಲದಲ್ಲಿ ಬರಬಹುದೇ ಎಂದು ಹಲವರು ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ದ್ವೀಪದ ಬೋಟುಗಳು ಓಡುವುದಿಲ್ಲ, ಕಯಾಕ್ ಇಲ್ಲ. ಆದರೂ ಬನ್ನಿ ಎನ್ನುತ್ತೇನೆ. ನಾಡದೋಣಿಯವರು ತೂಫಾನಿನ ನಡುವಿನ ಬಿಡುವು ನೋಡಿ ಕಡಲಿಗಿಳಿಯುವುದನ್ನು ಆಗ ನೋಡಬಹುದು, ಅವರು ತಂದ ಸಿಗಡಿಗೆ ವರ್ಷದ ಬೇರೆ ಯಾವ ಮೀನೂ ಸಾಟಿಯಲ್ಲ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮನೆಯಲ್ಲಿ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಒಣಮೀನಿನ ಚಟ್ನಿ ಇರುತ್ತದೆ. ಆಟಿ ಅಮಾವಾಸ್ಯೆಯಂದು ವಡಭಾಂಡೇಶ್ವರದ ಕರೆಗೆ ಸಮುದ್ರಸ್ನಾನಕ್ಕೆ ಜನ ಬರುತ್ತಾರೆ. ಕರೆಯ ರಸ್ತೆಗೆ ತೆರೆ ಹೊಡೆಯುವ ದಿನಗಳಲ್ಲಿ ಮಟ್ಟುವಿಗೆ ಒಳರಸ್ತೆಯಿಂದ ಹೋಗಬೇಕಾಗುತ್ತದೆ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದರೂ ದ್ವೀಪದ ಸಂಚಾರ ಕೂಡಲೇ ಆರಂಭವಾಗುವುದಿಲ್ಲ, ಕಡಲು ಶಾಂತವಾಗುವವರೆಗೆ ಕಾಯುತ್ತಾರೆ. ಸೆಪ್ಟೆಂಬರಿನಲ್ಲಿ ಕೋಣೆ ಕೇಳುವವರಿಗೆ, ದ್ವೀಪಕ್ಕಾಗಿಯೇ ಬರುವುದಾದರೆ ಅಕ್ಟೋಬರ್ ಕಳೆಯಲಿ ಎಂದು ಹೇಳುತ್ತೇನೆ.